ರನ್ನನ ಮಗಳ ಹೆಸರು

ಕವಿಚಕ್ರವರ್ತಿ ರನ್ನನು ತನ್ನ ಮಗನಿಗೆ ರಾಯ ಎಂದೂ ಮಗಳಿಗೆ ಅತ್ತಿಮಬ್ಬೆ ಎಂದೂ ಹೆಸರಿಟ್ಟನು. ಮುದುವೊಳಲಿನ, ಅಂದರೆ ಇಂದಿನ ಮುಧೋಳದ, ಬಳೆಗಾರರ ಕುಲದಲ್ಲಿ ಹುಟ್ಟಿದ ಆ ಕವಿಗೆ ಆಸರೆಯಾದವರು ಚಾವುಂಡರಾಯ ಮತ್ತು ದಾನಚಿಂತಾಮಣಿ ಅತ್ತಿಮಬ್ಬೆ. ಆಶ್ರಯದಾತರನ್ನು ಕಾವ್ಯದಲ್ಲಿ ಹೊಗಳುವುದು ಎಲ್ಲ ಕವಿಗಳೂ ಮಾಡಿದ ಕೆಲಸ. ದಿನಕ್ಕೆ ಹತ್ತು ಬಾರಿ ಕೂಗಿ ಕರೆಯುವ ಮಗಳಿಗೆ ಆ ಹೆಸರನ್ನಿಡುವುದು ಬೇರೆಯೇ ಮಾತು.

ಇದನ್ನು ನಾನು ಈಗ ನೆನೆಯಲು ಕಾರಣವಿದೆ. ನಮ್ಮ ಮಗಳು ಚೊಚ್ಚಲ ಬಸುರಿ. ಹೆಣ್ಣುಮಗುವೆಂದು ಇಲ್ಲಿ, ಅಮೆರಿಕೆಯಲ್ಲಿ, ವೈದ್ಯರು ಮೊದಲೇ ತಿಳಿಸಿಬಿಡುತ್ತಾರೆ. ಎರಡೇ ಅಕ್ಷರದ, ಯಾರ ನಾಲಗೆಗೂ ತೊಡಕಾಗದ ಹೆಸರುಗಳ ಪಟ್ಟಿಯೊಂದನ್ನು ಅವಳು ಮಾಡಿಟ್ಟುಕೊಂಡಿದ್ದಾಳೆ. ಅದರ ಕೊನೆಗೆ ನಾನು ಅತ್ತಿಮಬ್ಬೆ ಎಂದು ಸೇರಿಸಿದೆ. ಅಳಿಯಂದಿರಿಗೆ ಅದು "ಅತ್ತೆ ಮಬ್ಬು" ಎಂದು ಕೇಳಿಸಿತಂತೆ!

ಅತ್ತಿಮಬ್ಬೆ ಮಲ್ಲಪಯ್ಯನ ಮಗಳು. ಚಾಲುಕ್ಯರ ದಂಡನಾಯಕ ನಾಗದೇವನ ಪತ್ನಿ. ತಂಗಿ ಗುಂಡಮಬ್ಬೆಯನ್ನೂ ಅವನೇ ಕೈಹಿಡಿದಿದ್ದನು. ನಾಗದೇವನು ಮಡಿದಾಗ ತಂಗಿ ಸಹಗಮನ ಮಾಡಿದಳು. ಅಕ್ಕ ಉಳಿದು, ಮಗ ಅಣ್ಣಿಗನನ್ನು ಬೆಳೆಸಿದಳು. ಪೊನ್ನನ 'ಶಾಂತಿಪುರಾಣ'ವು ಅವಳ ತವರಿನವರೇ ಬರೆಯಿಸಿದ ಕಾವ್ಯ. ಅದು ಅಳಿದುಹೋಗಬಾರದೆಂದು ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಅಚ್ಚುಕೂಟವಿಲ್ಲದ ಕಾಲದಲ್ಲಿ ಸಾವಿರ ಪ್ರತಿಯೆಂದರೆ ಒಂದೊಂದು ಓಲೆಯನ್ನೂ ಕಂಟದಿಂದ ಕೊರೆದು, ಮಸಿ ತುಂಬಿ, ದಾರಕ್ಕೆ ಪೋಣಿಸಬೇಕಷ್ಟೆ. ಎಷ್ಟು ಕೈಗಳಿಗೆ ಅನ್ನ ದೊರೆತಿರಬೇಕು! ರನ್ನನು 993ರಲ್ಲಿ ಮುಗಿಸಿದ 'ಅಜಿತಪುರಾಣ'ಕ್ಕೂ ಅವಳೇ ಪೋಷಕಳು. ಗದಗದ ಬಳಿಯ ಲಕ್ಕುಂಡಿಯಲ್ಲಿ ಅವಳು ಕಟ್ಟಿಸಿದ ಬಸದಿ ಇಂದಿಗೂ ನಿಂತಿದೆ. ಅಲ್ಲಿನ ಶಾಸನ 1007ರದು.

ಅಬ್ಬೆಯೆಂದರೆ ತಾಯಿ. ಅಂದಿನ ಕನ್ನಡನಾಡಿನಲ್ಲಿ ಈ ಪದವಿಲ್ಲದ ಹೆಣ್ಣುಹೆಸರೇ ಅಪರೂಪವೇನೋ ಎನ್ನಿಸುತ್ತದೆ. ಪಂಪನ ತಾಯಿ ಅಬ್ಬಣಬ್ಬೆ, ರನ್ನನ ತಾಯಿ ಅಬ್ಬಲಬ್ಬೆ. 10ನೆಯ ಶತಮಾನದ ಆರಂಭದಲ್ಲಿ, ಗಂಡ ತೀರಿಕೊಂಡ ಮೇಲೆ, ನಾಗರಖಂಡ 70ರ ಆಡಳಿತ ನಡೆಸಿದವಳು ಜಕ್ಕಿಯಬ್ಬೆ. ಬೆಳತೂರಿನ 1057ರ ಶಾಸನದ ದೇಕಬ್ಬೆಯಾದರೋ ಹೆತ್ತವರು ಬೇಡವೆಂದರೂ ಕೇಳದೆ ಗಂಡನ ಹಿಂದೆ ಅಗ್ನಿಪ್ರವೇಶ ಮಾಡಿದಳು. ಆ ಶಾಸನದ ಕನ್ನಡ ಬಹಳ ಸೊಗಸು. ಆದರೂ ಆ ಹೆಸರನ್ನು ಮೊಮ್ಮಗಳಿಗೆ ನಾನು ಸೂಚಿಸಲಾರೆ.

ಅಬ್ಬೆ ಮುಂದೆ ಅವ್ವೆಯಾಯಿತು, ಅವ್ವೆ ಅವ್ವನಾಯಿತು. ಶರಣೆಯರಲ್ಲಿ ಕಾಳವ್ವೆಯೂ ಉಂಟು, ಆಯ್ದಕ್ಕಿ ಲಕ್ಕಮ್ಮನೂ ಉಂಟು, ಸತ್ಯಕ್ಕನೂ ಉಂಟು. ಹವ್ಯಕರ ಮನೆಗಳಲ್ಲಿ ತಾಯಿಯನ್ನು ಅಬ್ಬೆಯೆಂದು ಕರೆಯುವ ರೂಢಿ ಇನ್ನೂ ಉಳಿದಿದೆ. ಹೆಸರುಗಳಿಂದ ಮಾತ್ರ ಅವ್ವ, ಅಮ್ಮ, ಅಕ್ಕ ಒಂದೊಂದಾಗಿ ಕಳಚಿಕೊಂಡವು. ನಮ್ಮ ಅಜ್ಜಿಯರು ಪುಟ್ಟಮ್ಮ, ಹೊನ್ನಮ್ಮ. ನಾವು ಸರಳಾ, ವಿಮಲಾ. ನಮ್ಮ ಮಕ್ಕಳು ಕವಿತಾ, ಸ್ಮಿತಾ. ಹೆಸರು ಕೇಳಿ ಊರು ಹೇಳಬಹುದಾದ ಕಾಲ ನಮ್ಮೊಂದಿಗೇ ಮುಗಿಯಿತು.

ಮಗಳ ಆಕ್ಷೇಪಣೆಯನ್ನು ತಳ್ಳಿಹಾಕುವಂತಿಲ್ಲ. ನಾವು ಅವಳಿಗಿಟ್ಟ ಹೆಸರು ಚಿಕ್ಕದಲ್ಲ. "ಹಾಜರಿ ಕರೆಯುವಾಗ ಉಪಾಧ್ಯಾಯಿನಿ ತಡವರಿಸಿ ನಿಂತರೆ ಅದು ನನ್ನ ಹೆಸರೇ ಎಂದು ತಿಳಿದು ಮೊದಲೇ ಕೈಯೆತ್ತುತ್ತಿದ್ದೆ, ಅಮ್ಮ" ಎಂದಳು. ಹನ್ನೆರಡು ವರ್ಷ ಕೈಯೆತ್ತಿದವಳ ಮಾತದು. ಒತ್ತಕ್ಷರಗಳೆರಡನ್ನು ಹೊತ್ತ ಈ ಹೆಸರು ಆ ಮಗುವಿಗೆ ಇನ್ನೆಷ್ಟು ಸಲ ಕೈಯೆತ್ತಿಸೀತು?

ಆದರೂ ನಾನು ಪಟ್ಟು ಬಿಟ್ಟಿಲ್ಲ. ನಮ್ಮಲ್ಲಿ ಹನ್ನೊಂದನೆಯ ದಿನಕ್ಕೋ ಹನ್ನೆರಡಕ್ಕೋ ತೊಟ್ಟಿಲಿಗೆ ಹಾಕಿ ಕಿವಿಯಲ್ಲಿ ಹೆಸರು ಹೇಳುತ್ತಿದ್ದರು. ಇಲ್ಲಿ ಆಸ್ಪತ್ರೆಯಿಂದ ಹೊರಡುವ ಮೊದಲೇ ಜನನಪತ್ರದ ಫಾರಂ ತುಂಬಿಸಿಕೊಳ್ಳುತ್ತಾರೆ. ಅದರಲ್ಲಿ ನಡುವಿನ ಹೆಸರಿಗೆಂದು ಒಂದು ಸಾಲು ಇರುತ್ತದೆ. ಇಂಗ್ಲಿಷಿನಲ್ಲಿ ಅತ್ತಿಮಬ್ಬೆಗೆ ಒಂಬತ್ತು ಅಕ್ಷರ ಸಾಕು. ಎಣಿಸಿ ಬರೆದು ಕೊಟ್ಟಿದ್ದೇನೆ. ಮಗಳು ಆ ಚೀಟಿಯನ್ನು ಮಡಿಸಿ ತನ್ನ ಪರ್ಸಿನಲ್ಲಿಟ್ಟುಕೊಂಡಳು. ಆಗಲಿ ಎಂದೂ ಅನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ.