ಗುಂಗುರು ಕೂದಲನ್ನು ನೇರಗೊಳಿಸುವ ವಿಧಾನಗಳು: ಶಾಖ, ರಾಸಾಯನಿಕ ಮತ್ತು ಅಪಾಯ

ಕುರುಳು, ಮುಂಗುರುಳು, ಅಳಕ ಎಂದು ಸುರುಳಿಗೂದಲಿಗೆ ಹಲವು ಹೆಸರುಗಳನ್ನಿಟ್ಟು ಬಣ್ಣಿಸಿದ ಭಾಷೆ ಕನ್ನಡ. ಆದರೂ ಇಂದು ತಾಲ್ಲೂಕು ಕೇಂದ್ರಗಳ ಬ್ಯೂಟಿ ಪಾರ್ಲರ್‌ಗಳ ಫಲಕಗಳಲ್ಲಿಯೂ ಸ್ಟ್ರೈಟ್ನಿಂಗ್, ಸ್ಮೂದನಿಂಗ್, ರೀಬಾಂಡಿಂಗ್, ಕೆರಾಟಿನ್ ಎಂಬ ಪದಗಳು ಕಾಣಸಿಗುತ್ತವೆ. ಇವೆಲ್ಲವೂ ಒಂದೇ ಕೆಲಸದ ಬೇರೆ ಬೇರೆ ಹೆಸರುಗಳೆಂದು ತಿಳಿಯುವವರೇ ಹೆಚ್ಚು. ವಾಸ್ತವದಲ್ಲಿ ಇವು ಕೂದಲಿನ ಮೇಲೆ ನಡೆಸುವ ಕ್ರಿಯೆ ಬೇರೆ, ಉಳಿಯುವ ಅವಧಿ ಬೇರೆ, ಒಡ್ಡುವ ಅಪಾಯವೂ ಬೇರೆ. ಹೆಸರುಗಳ ಬಳಕೆಯೂ ಪಾರ್ಲರ್‌ನಿಂದ ಪಾರ್ಲರ್‌ಗೆ ಬದಲಾಗುವುದರಿಂದ, ಫಲಕಕ್ಕಿಂತ ಬಾಟಲಿಯ ಮೇಲಿನ ಚೀಟಿಯನ್ನು ಓದುವುದೇ ಲೇಸು.

ಕೂದಲಿನ ರಚನೆ: ನೆತ್ತಿಯಿಂದ ಹೊರಗೆ ಕಾಣುವ ಕೂದಲಿಗೆ ಜೀವವಿಲ್ಲ. ಅದು ಕೆರಾಟಿನ್ ಎಂಬ ಪ್ರೋಟೀನಿನ ಎಳೆಗಳಿಂದಾದದ್ದು. ಹೊರಮೈಯನ್ನು ಹೆಂಚು ಹೊದಿಸಿದ ಮಾಡಿನಂತೆ ತೆಳುವಾದ ಪದರಗಳು ಮುಚ್ಚಿರುತ್ತವೆ. ಒಳಗಿನ ಕೆರಾಟಿನ್ ಎಳೆಗಳನ್ನು ಪರಸ್ಪರ ಕಟ್ಟಿ ಹಿಡಿದಿರುವ ಬಂಧಗಳಲ್ಲಿ ಇಲ್ಲಿ ಮುಖ್ಯವಾದವು ಎರಡು. ಒಂದು ಜಲಜನಕದ ಬಂಧ. ಇದು ಸಂಖ್ಯೆಯಲ್ಲಿ ಅಧಿಕ, ಬಲದಲ್ಲಿ ದುರ್ಬಲ. ನೀರು ತಾಗಿದರೆ ಬಿಡುತ್ತದೆ, ಒಣಗಿದೊಡನೆ ಮತ್ತೆ ಕೂಡುತ್ತದೆ. ಇನ್ನೊಂದು ಗಂಧಕದ ಬಂಧ. ಏಣಿಯ ಮೆಟ್ಟಿಲುಗಳಂತೆ ಎರಡು ಎಳೆಗಳ ನಡುವೆ ನಿಲ್ಲುವ ಇದನ್ನು ನೀರಾಗಲಿ, ಬಾಚಣಿಗೆಯಾಗಲಿ ಅಲುಗಿಸಲಾರವು. ಕೂದಲು ಗುಂಗುರಾಗುವುದು ಚರ್ಮದೊಳಗಿನ ಕೂಪದ ಬಾಗಿನಿಂದ. ಈ ಕೂಪವನ್ನು ಯಾವ ಪಾರ್ಲರೂ ಬದಲಿಸಲಾರದು. ಆದ್ದರಿಂದ ‘ಶಾಶ್ವತ’ವೆಂಬ ಜಾಹೀರಾತಿನ ಮಾತು ಈಗಾಗಲೇ ಬೆಳೆದ ಕೂದಲಿಗೆ ಮಾತ್ರ ಅನ್ವಯಿಸುತ್ತದೆ.

ಶಾಖದ ವಿಧಾನ: ಹಿಡಿಕೆಯುಳ್ಳ ಎರಡು ಬಿಸಿ ಫಲಕಗಳ ನಡುವೆ ಕೂದಲನ್ನು ಎಳೆದು ನೇರಗೊಳಿಸುವುದು ಎಲ್ಲಕ್ಕಿಂತ ಸರಳವಾದ ಕ್ರಮ. ಶಾಖವು ಜಲಜನಕದ ಬಂಧಗಳನ್ನು ಬಿಡಿಸುತ್ತದೆ. ತಣಿದಾಗ ಅವು ನೇರವಾದ ಭಂಗಿಯಲ್ಲಿ ಕೂಡಿಕೊಳ್ಳುತ್ತವೆ. ಗಂಧಕದ ಬಂಧಗಳು ಹಾಗೆಯೇ ಉಳಿಯುವುದರಿಂದ ಒಮ್ಮೆ ತಲೆಗೆ ನೀರು ಬಿದ್ದರೆ ಸುರುಳಿ ಮರಳುತ್ತದೆ. ಬೆಂಗಳೂರಿನಲ್ಲಿ ಬೆಳಿಗ್ಗೆ ಇಸ್ತ್ರಿ ಮಾಡಿಕೊಂಡ ಕೂದಲು ಮಂಗಳೂರಿನಲ್ಲಿ ಇಳಿಯುವ ಹೊತ್ತಿಗೆ ಉಬ್ಬಿಕೊಳ್ಳುವುದಕ್ಕೆ ಕರಾವಳಿಯ ಗಾಳಿಯಲ್ಲಿನ ತೇವವೇ ಕಾರಣ.

ಸಾಧನದ ಉಷ್ಣತೆ ಸಾಮಾನ್ಯವಾಗಿ 150ರಿಂದ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಇರುತ್ತದೆ. 200 ಡಿಗ್ರಿ ದಾಟಿದ ಮೇಲೆ ಕೆರಾಟಿನ್ ಹಾನಿಗೊಳ್ಳುವ ಸಂಭವ ಹೆಚ್ಚು. ಒದ್ದೆ ಕೂದಲಿಗೆ ಬಿಸಿ ಫಲಕವನ್ನು ತಾಗಿಸಿದರೆ ಒಳಗಿನ ನೀರು ಕುದಿದು ಆವಿಯಾಗಿ ಕೂದಲಿನ ಎಳೆಯಲ್ಲಿ ಗುಳ್ಳೆಗಳೇಳುತ್ತವೆ. ಸೂಕ್ಷ್ಮದರ್ಶಕದಲ್ಲಿ ಇವು ಸ್ಪಷ್ಟವಾಗಿ ಕಾಣುತ್ತವೆ. ಅಂತಹ ಕೂದಲು ಗುಳ್ಳೆಯಿರುವಲ್ಲಿಯೇ ಮುರಿಯುತ್ತದೆ.

ಕಾದ ಕಬ್ಬಿಣದಿಂದ ಕೂದಲನ್ನು ಒಲಿಸಿಕೊಳ್ಳುವ ಕಲೆಗೆ 19ನೇ ಶತಮಾನದ ಪ್ಯಾರಿಸ್‌ನಲ್ಲಿ ಪ್ರಸಿದ್ಧಿ ದೊರೆಯಿತು. ಅದು ವ್ಯಾಪಕ ಉದ್ಯಮವಾದದ್ದು ಅಮೆರಿಕದ ಕಪ್ಪು ಜನಾಂಗದ ಮಹಿಳೆಯರ ನಡುವೆ. ಮೇಡಂ ಸಿ.ಜೆ. ವಾಕರ್ (1867-1919) ಕಾದ ಬಾಚಣಿಗೆಯನ್ನು ಕಂಡುಹಿಡಿದವರೆಂದು ಹಲವೆಡೆ ಬರೆಯಲಾಗುತ್ತದೆ. ಇದು ಸರಿಯಲ್ಲ, ಬಾಚಣಿಗೆ ಅವರಿಗಿಂತ ಹಿಂದಿನದು. ಕೇಶಪಾಲನೆಯ ತಮ್ಮ ಪದ್ಧತಿಯೊಡನೆ ಅದನ್ನು ಮನೆಮನೆಗೆ ಮುಟ್ಟಿಸಿದ ಖ್ಯಾತಿ ಅವರದು.

ಕ್ಷಾರದ ವಿಧಾನ: ಅದೇ ಕಾಲದಲ್ಲಿ ಗ್ಯಾರೆಟ್ ಮಾರ್ಗನ್ ಎಂಬ ಅಮೆರಿಕದ ಉದ್ಯಮಿ ಕೂದಲನ್ನು ನೇರಗೊಳಿಸುವ ಮುಲಾಮನ್ನು ಮಾರುಕಟ್ಟೆಗೆ ತಂದರು. ಹೊಗೆಯಿಂದ ರಕ್ಷಿಸುವ ಮುಸುಕಿಗೆ 1914ರಲ್ಲಿ, ಸಂಚಾರ ಸಂಕೇತ ಕಂಬಕ್ಕೆ 1923ರಲ್ಲಿ ಪೇಟೆಂಟ್ ಪಡೆದವರೂ ಇವರೇ. ಮುಂದೆ ಬಳಕೆಗೆ ಬಂದ ‘ರಿಲ್ಯಾಕ್ಸರ್’ಗಳ ಮುಖ್ಯ ದ್ರವ್ಯ ಸೋಡಿಯಂ ಹೈಡ್ರಾಕ್ಸೈಡ್, ಅಂದರೆ ಸಾಬೂನು ತಯಾರಿಕೆಗೆ ಬಳಸುವ ಕಾಸ್ಟಿಕ್ ಸೋಡಾ. ಇದು ಗಂಧಕದ ಬಂಧದಿಂದ ಒಂದು ಗಂಧಕದ ಪರಮಾಣುವನ್ನೇ ಕಿತ್ತು ಹಾಕುವುದರಿಂದ ಹಳೆಯ ಸ್ಥಿತಿ ಎಂದೂ ಮರಳದು. ಹೊತ್ತು ಮೀರಿದರೆ ನೆತ್ತಿಯ ಚರ್ಮ ಸುಡುತ್ತದೆ. ಮನೆಯಲ್ಲಿಯೇ ಕಾಸ್ಟಿಕ್, ಆಲೂಗಡ್ಡೆ ಮತ್ತು ಮೊಟ್ಟೆ ಬೆರೆಸಿ ಹಚ್ಚಿಕೊಂಡು ಉರಿಯನ್ನು ಸಹಿಸಿದ ಪ್ರಸಂಗವನ್ನು ಮಾಲ್ಕಂ ಎಕ್ಸ್ 1965ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯಲ್ಲಿ ವಿವರಿಸಿದ್ದಾರೆ. ಈ ವಿಧಾನ ಭಾರತದ ಪಾರ್ಲರ್‌ಗಳಲ್ಲಿ ಹೆಚ್ಚು ಬಳಕೆಯಲ್ಲಿಲ್ಲ.

ರೀಬಾಂಡಿಂಗ್: ನಮ್ಮಲ್ಲಿ ನೆಲೆಯೂರಿದ್ದು ಜಪಾನಿನಲ್ಲಿ ರೂಪುಗೊಂಡ ಈ ಕ್ರಮ. ಇದರಲ್ಲಿ ಬಳಸುವುದು ಅಮೋನಿಯಂ ಥಯೋಗ್ಲೈಕೊಲೇಟ್. ಇದರ ಕಟುವಾಸನೆ ಪಾರ್ಲರ್‌ನ ಬಾಗಿಲಲ್ಲಿಯೇ ಮೂಗಿಗೆ ಬಡಿಯುತ್ತದೆ. ರೋಮ ತೆಗೆಯುವ ಕ್ರೀಮುಗಳಲ್ಲಿರುವುದೂ ಇದೇ ಕುಟುಂಬದ ರಾಸಾಯನಿಕ ಎಂಬುದು ಗಮನಾರ್ಹ. ಕ್ಷಾರದ ಪ್ರಮಾಣ ಹೆಚ್ಚಿದರೆ ರೋಮವೇ ಕರಗಿ ಉದುರುತ್ತದೆ. ಮಿತಿಯಲ್ಲಿದ್ದರೆ ಗಂಧಕದ ಬಂಧಗಳು ಬಿಡಿಸಿಕೊಂಡು ಕೂದಲು ಮೆತ್ತಗಾಗುತ್ತದೆ. ಕೆಲಸಗಾರ್ತಿಯ ಅನುಭವಕ್ಕೆ ಇಲ್ಲಿ ಬಹಳ ಬೆಲೆಯಿದೆ. ಮುಲಾಮು ಹಚ್ಚಿದ ಮೇಲೆ ಒಂದೆರಡು ಎಳೆಗಳನ್ನು ಬೆರಳಿಗೆ ಸುತ್ತಿ, ಎಳೆದು, ಹದ ನೋಡಬೇಕಾಗುತ್ತದೆ. ಹದ ಬಂದೊಡನೆ ಚೆನ್ನಾಗಿ ತೊಳೆದು, ಪೂರ್ಣ ಒಣಗಿಸಿ, ಸಣ್ಣ ಸಣ್ಣ ಭಾಗಗಳಾಗಿ ಇಸ್ತ್ರಿ ಮಾಡಲಾಗುತ್ತದೆ. ಬಳಿಕ ಹೈಡ್ರೋಜನ್ ಪೆರಾಕ್ಸೈಡ್ ಇರುವ ದ್ರಾವಣ ಹಚ್ಚಿದಾಗ ಬಿಡಿಸಿಕೊಂಡಿದ್ದ ಬಂಧಗಳು ನೇರವಾದ ಸ್ಥಿತಿಯಲ್ಲಿ ಮತ್ತೆ ಬೆಸೆದುಕೊಳ್ಳುತ್ತವೆ. ಮರುಬೆಸುಗೆಯೆಂಬ ಅರ್ಥದ ಹೆಸರು ಬಂದದ್ದು ಈ ಹಂತದಿಂದ. ಮುಂದಿನ ಎರಡು ಮೂರು ದಿನ ತಲೆಗೆ ನೀರು ಹಾಕಬಾರದು, ಜಡೆ ಹೆಣೆಯಬಾರದು, ಕ್ಲಿಪ್ ಹಾಕಬಾರದು, ಕೂದಲನ್ನು ಕಿವಿಯ ಹಿಂದಕ್ಕೆ ಸಿಕ್ಕಿಸಲೂ ಬಾರದೆಂದು ಸೂಚಿಸಲಾಗುತ್ತದೆ.

ಹಿಂದೆ ಕಾಸ್ಟಿಕ್‌ನಿಂದ ನೇರಗೊಳಿಸಿದ ಕೂದಲಿಗೆ ಥಯೋ ಹಚ್ಚಿದರೆ, ಅಥವಾ ಥಯೋ ಹಚ್ಚಿದ ಕೂದಲಿಗೆ ಕಾಸ್ಟಿಕ್ ಹಚ್ಚಿದರೆ, ಕೂದಲು ತುಂಡಾಗಿ ಕೈಗೆ ಬರುತ್ತದೆ. ನಮ್ಮವರು ವಿಶೇಷವಾಗಿ ಎಚ್ಚರ ವಹಿಸಬೇಕಾದದ್ದು ಮೆಹಂದಿಯ ವಿಷಯದಲ್ಲಿ. ಶುದ್ಧ ಮದರಂಗಿ ಎಲೆಯ ಪುಡಿಯ ಮಾತು ಬೇರೆ. ಆದರೆ ಬಣ್ಣ ಗಾಢವಾಗಲೆಂದು ಲೋಹದ ಲವಣಗಳನ್ನು ಬೆರೆಸಿದ ಪುಡಿ ಹಚ್ಚಿಕೊಂಡವರ ಕೂದಲಿಗೆ ಪೆರಾಕ್ಸೈಡ್ ತಾಗಿದರೆ ಅದು ಬಿಸಿಯೇರಿ ಹಾಳಾಗುವ ಸಂಭವವಿದೆ. ಹಿಂದಿನ ತಿಂಗಳುಗಳಲ್ಲಿ ತಲೆಗೆ ಏನೇನು ಹಚ್ಚಿದ್ದೆವೆಂಬುದನ್ನು ಮುಚ್ಚಿಡದೆ ಹೇಳಬೇಕು.

ಕೆರಾಟಿನ್ ಚಿಕಿತ್ಸೆ: ಹೆಸರು ಕೇಳಿದರೆ ಕೂದಲಿಗೆ ಪೋಷಣೆ ನೀಡುವ ಚಿಕಿತ್ಸೆಯಂತೆ ತೋರುತ್ತದೆ. ಬ್ರೆಜಿಲ್‌ನಿಂದ ಹೊರಟು ಜಗತ್ತಿನೆಲ್ಲೆಡೆ ಹರಡಿದ ಈ ಕ್ರಮದ ಹಲವು ಉತ್ಪನ್ನಗಳಲ್ಲಿ ಕೂದಲನ್ನು ನೇರಗೊಳಿಸುವುದು ಕೆರಾಟಿನ್ ಅಲ್ಲ, ಫಾರ್ಮಾಲ್ಡಿಹೈಡ್. ಕಾಲೇಜುಗಳ ಪ್ರಾಣಿಶಾಸ್ತ್ರ ಪ್ರಯೋಗಾಲಯದಲ್ಲಿ ಕಪ್ಪೆ, ಹಾವುಗಳನ್ನು ಕೆಡದಂತಿರಿಸುವ ಫಾರ್ಮಲಿನ್‌ನಲ್ಲಿರುವುದು ಇದೇ ವಸ್ತು. ದ್ರವ ಹಚ್ಚಿದ ಕೂದಲನ್ನು ಸುಮಾರು 230 ಡಿಗ್ರಿ ಶಾಖದಲ್ಲಿ ಇಸ್ತ್ರಿ ಮಾಡಿದಾಗ ಅದು ಕೆರಾಟಿನ್ ಎಳೆಗಳ ನಡುವೆ ಹೊಸ ಕೊಂಡಿಗಳನ್ನು ಹಾಕುತ್ತದೆ. ಕೆಲವು ತಿಂಗಳ ಕಾಲ ಕೂದಲು ನೇರವಾಗಿ ಹೊಳೆಯುತ್ತದೆ. ಅದೇ ಶಾಖಕ್ಕೆ ಫಾರ್ಮಾಲ್ಡಿಹೈಡ್ ಅನಿಲವಾಗಿ ಕೋಣೆಯನ್ನು ತುಂಬುತ್ತದೆ. ಕಣ್ಣುರಿ, ಗಂಟಲು ಕೆರೆತ, ಕೆಮ್ಮು ಇದರ ಮೊದಲ ಸೂಚನೆಗಳು.

ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿಯೇ ಫಾರ್ಮಾಲ್ಡಿಹೈಡನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ವರ್ಗಕ್ಕೆ ಸೇರಿಸಿತು. ಅಮೆರಿಕದ ಒರೆಗಾನ್ ರಾಜ್ಯದಲ್ಲಿ 2010ರಲ್ಲಿ ನಡೆದ ಪರೀಕ್ಷೆಯಲ್ಲಿ, ‘ಫಾರ್ಮಾಲ್ಡಿಹೈಡ್ ಇಲ್ಲ’ ಎಂದು ಘೋಷಿಸಿಕೊಂಡಿದ್ದ ಉತ್ಪನ್ನದಲ್ಲಿಯೂ ಅದು ಗಣನೀಯ ಪ್ರಮಾಣದಲ್ಲಿ ಪತ್ತೆಯಾಯಿತು. ಚೀಟಿಯಲ್ಲಿ ಮೀಥೈಲೀನ್ ಗ್ಲೈಕಾಲ್ ಅಥವಾ ಫಾರ್ಮಲಿನ್ ಎಂದಿದ್ದರೂ ಅರ್ಥ ಒಂದೇ. ಗ್ರಾಹಕರು ವರ್ಷಕ್ಕೆ ಒಂದೆರಡು ಬಾರಿ ಈ ಹೊಗೆಯಲ್ಲಿ ಕುಳಿತು ಎದ್ದು ಹೋಗುತ್ತಾರೆ. ಕಿಟಕಿಯಿಲ್ಲದ, ಹವಾನಿಯಂತ್ರಣಕ್ಕಾಗಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ದಿನವಿಡೀ ನಿಂತು ದುಡಿಯುವ ಯುವತಿಯರ ಪಾಡು ಬೇರೆ. ಈ ಮಾತು ಚರ್ಚೆಗೆ ಬರುವುದು ಕಡಿಮೆ.

ಫಾರ್ಮಾಲ್ಡಿಹೈಡ್‌ಗೆ ಬದಲಾಗಿ ಗ್ಲೈಆಕ್ಸಿಲಿಕ್ ಆಮ್ಲದ ಉತ್ಪನ್ನಗಳು ಬಂದಿವೆ. ಅವೂ ನಿರಪಾಯಕಾರಿಯಲ್ಲ. ಪಾರ್ಲರ್‌ನಲ್ಲಿ ಕೂದಲು ನೇರಗೊಳಿಸಿಕೊಂಡ ಬಳಿಕ 2020, 2021 ಮತ್ತು 2022ರಲ್ಲಿ, ಮೂರು ಬಾರಿಯೂ, ಮೂತ್ರಪಿಂಡದ ತೀವ್ರ ತೊಂದರೆಗೆ ಒಳಗಾದ 26 ವರ್ಷದ ಮಹಿಳೆಯ ಪ್ರಕರಣವನ್ನು ಫ್ರಾನ್ಸ್‌ನ ವೈದ್ಯರು 2024ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಪ್ರಕಟಿಸಿದರು. ಅದೇ ಮುಲಾಮನ್ನು ಇಲಿಗಳಿಗೆ ಹಚ್ಚಿದಾಗ ಅವುಗಳ ಮೂತ್ರಪಿಂಡದಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು ಕಂಡುಬಂದವು. ಮೂತ್ರಪಿಂಡದ ಕಲ್ಲುಗಳಲ್ಲಿ ಬಹುಪಾಲು ಆಗುವುದು ಇದರಿಂದಲೇ.

ಕ್ಯಾನ್ಸರ್ ಕುರಿತ ಅಧ್ಯಯನ: ಅಮೆರಿಕದಲ್ಲಿ 33,497 ಮಹಿಳೆಯರನ್ನು ಸುಮಾರು 11 ವರ್ಷ ಗಮನಿಸಿ ನಡೆಸಿದ ಅಧ್ಯಯನದ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ನೇರಗೊಳಿಸುವ ರಾಸಾಯನಿಕಗಳನ್ನು ಎಂದೂ ಬಳಸದವರಲ್ಲಿ 70 ವರ್ಷದೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಸಂಭವ ಶೇ 1.64. ವರ್ಷಕ್ಕೆ ನಾಲ್ಕಕ್ಕಿಂತ ಹೆಚ್ಚು ಬಾರಿ ಬಳಸುವವರಲ್ಲಿ ಇದು ಶೇ 4.05 ಎಂದು ಅಂದಾಜಿಸಲಾಯಿತು. ಇದು ಎರಡರ ನಡುವಿನ ನಂಟನ್ನು ತೋರಿಸುತ್ತದೆಯೇ ಹೊರತು ಇಂತಹ ರಾಸಾಯನಿಕವೇ ಕಾರಣವೆಂದು ಸಾಬೀತುಪಡಿಸುವುದಿಲ್ಲ. ಮಹಿಳೆಯರು ಬಳಸಿದ ಉತ್ಪನ್ನಗಳ ಹೆಸರನ್ನೂ ಅಧ್ಯಯನದಲ್ಲಿ ಸಂಗ್ರಹಿಸಿರಲಿಲ್ಲ.

ಗಮನಿಸಬೇಕಾದ ಅಂಶಗಳು: ಗರ್ಭಿಣಿಯರು, ಎಳೆಯ ಮಕ್ಕಳು, ನೆತ್ತಿಯಲ್ಲಿ ಗಾಯ ಅಥವಾ ಚರ್ಮರೋಗವಿರುವವರು ರಾಸಾಯನಿಕ ವಿಧಾನಗಳಿಂದ ದೂರವಿರುವುದು ಉಚಿತ. ಮದುವೆಯ ಮುನ್ನಾದಿನ ಮೊದಲ ಬಾರಿಗೆ ರೀಬಾಂಡಿಂಗ್‌ಗೆ ಮುಂದಾಗುವುದಂತೂ ತರವಲ್ಲ; ಒಂದು ದಿನದ ಸಮಾರಂಭಕ್ಕೆ ಇಸ್ತ್ರಿಯೇ ಸಾಕು. ಒಂದು ಎಳೆಯ ಮೇಲೆ ಮೊದಲು ಪರೀಕ್ಷಿಸುವಂತೆ ಕೇಳುವ ಹಕ್ಕು ಗ್ರಾಹಕರಿಗಿದೆ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವುದರಿಂದ ಆರು ತಿಂಗಳಲ್ಲಿ ಬುಡದಲ್ಲಿ ಎರಡು ಅಂಗುಲಕ್ಕೂ ಹೆಚ್ಚು ಗುಂಗುರು ಕಾಣಿಸಿಕೊಳ್ಳುತ್ತದೆ. ಆಗ ಮುಲಾಮನ್ನು ಹೊಸ ಬೆಳವಣಿಗೆಗೆ ಮಾತ್ರ ಹಚ್ಚಬೇಕು. ಹಳೆಯ ಭಾಗಕ್ಕೆ ಮತ್ತೆ ತಾಗಿದರೆ ಕೂದಲು ತುಂಡಾಗುತ್ತದೆ. ರೀಬಾಂಡಿಂಗ್ ಮಾಡಿಸಿಕೊಂಡು, ಬೇಡವೆನಿಸಿ ಮೊದಲಿನ ಗುಂಗುರಿಗೆ ಮರಳಲು ಬಯಸುವವರಿಗೆ ಬೇರೆ ಔಷಧವಿಲ್ಲ. ಭುಜದವರೆಗಿನ ಕೂದಲು ಪೂರ್ಣವಾಗಿ ಹೊಸದಾಗಿ ಬೆಳೆಯಲು ಎರಡೂವರೆ ವರ್ಷವಾದರೂ ಬೇಕು.