ಎಷ್ಟು ಓದಿದರು, ಎಷ್ಟು ನುಂಗಿದರು

ನಮ್ಮ ತಾತನಿಗೆ ಅಕ್ಷರ ಬರುತ್ತಿರಲಿಲ್ಲ. ಗೌಡರ ಜಗುಲಿ ಕೆಳಗೆ ಅಂಗಳದಲ್ಲಿ ನಿಂತು, ಮೇಲೆ ಕೂತವರು ಪೇಪರು ಓದೋದನ್ನ ಕೇಳಿಸಿಕೊಳ್ತಿದ್ದ. ಅವರು ಎಷ್ಟು ಓದಿದರು, ಎಷ್ಟು ನುಂಗಿದರು ಅಂತ ತಾತನಿಗೆ ಹ್ಯಾಗೆ ಗೊತ್ತಾಗಬೇಕು? ಶಾಸನ ಸಭೆಗಳ ಚರಿತ್ರೆ ಓದುವಾಗೆಲ್ಲ ನನಗೆ ಆ ಅಂಗಳವೇ ನೆನಪಾಗುತ್ತದೆ.

ಪಾರ್ಲಿಮೆಂಟುಗಳ ತಾಯಿ ಅಂತ ಹೊಗಳಿಸಿಕೊಳ್ಳುವ ಲಂಡನ್ನಿನ ಸಭೆಯೂ ಜನರನ್ನು ಅಂಗಳದಲ್ಲೇ ನಿಲ್ಲಿಸಿತ್ತು. ತನ್ನ ಚರ್ಚೆಯನ್ನು ಅಚ್ಚು ಹಾಕುವುದು ಹಕ್ಕುಚ್ಯುತಿ ಎಂದು ಕಾಮನ್ಸ್ ಸಭೆ 1738ರಲ್ಲಿ ಠರಾವು ಮಾಡಿತು. ಪತ್ರಿಕೆಗಳು ಕಳ್ಳದಾರಿ ಹಿಡಿದವು. ಸ್ಯಾಮುಯೆಲ್ ಜಾನ್ಸನ್ ಎಂಬ ದೊಡ್ಡ ಪಂಡಿತ ಅವರಿವರಿಂದ ತಿಳಿದದ್ದನ್ನು ಇಟ್ಟುಕೊಂಡು ಸದನದ ಭಾಷಣಗಳನ್ನು ಬಹುಪಾಲು ತಾನೇ ಕಟ್ಟಿ ಬರೆದ. ತನಗಾಗದ ವಿಗ್ ಪಕ್ಷದವರ ಕೈ ಮೇಲಾಗದ ಹಾಗೆ ನೋಡಿಕೊಂಡೆ ಎಂದು ಆಮೇಲೆ ಹೇಳಿಕೊಂಡನಂತೆ. ಬಾಗಿಲು ಮುಚ್ಚಿದ ಕಡೆ ಪಕ್ಷಪಾತವೇ ಸುದ್ದಿಯಾಗುತ್ತದೆ.

1771ರಲ್ಲಿ ಚರ್ಚೆ ಅಚ್ಚು ಮಾಡಿದವರನ್ನು ಹಿಡಿದು ತರಲು ಸಭೆ ಆಳು ಕಳಿಸಿತು. ಲಂಡನ್ ಮೇಯರ್ ಬ್ರಾಸ್ ಕ್ರಾಸ್ಬಿ ಮುದ್ರಕನನ್ನು ಬಿಡಿಸಿ, ಹಿಡಿಯಲು ಬಂದವನ ಮೇಲೇ ಕೇಸು ಹಾಕಿದ. ಮೇಯರನನ್ನೇ ಟವರ್ ಸೆರೆಮನೆಗೆ ದಬ್ಬಿದರು. ಜನ ಬೀದಿಗಿಳಿದರು. ಆಮೇಲೆ ನಿಷೇಧ ಕಾಗದದ ಮೇಲಷ್ಟೇ ಉಳಿಯಿತು.

1803ರ ಸುಮಾರಿಗೆ ಚರ್ಚೆಗಳನ್ನು ಸಾಲಾಗಿ ಪ್ರಕಟಿಸತೊಡಗಿದವನು ವಿಲಿಯಂ ಕಾಬೆಟ್. ಹೊಲದಲ್ಲಿ ದುಡಿದು ಬೆಳೆದವನು. ಸಿಪಾಯಿಗಳಿಗೆ ಚಾಟಿಯಲ್ಲಿ ಹೊಡೆದದ್ದನ್ನು ಖಂಡಿಸಿ ಬರೆದದ್ದಕ್ಕೆ 1810ರಲ್ಲಿ ಎರಡು ವರ್ಷ ಜೈಲಾಯಿತು. ಸಾಲ ಮೈಮೇಲೆ ಬಂದು ಪ್ರಕಟಣೆಯನ್ನು ಹ್ಯಾನ್ಸರ್ಡ್ ಎಂಬ ಮುದ್ರಕನಿಗೆ ಮಾರಿದ. ಇವತ್ತಿಗೂ ಆ ವರದಿಗೆ ಹ್ಯಾನ್ಸರ್ಡನದೇ ಹೆಸರು. 1909ರಲ್ಲಿ ಸಭೆಯೇ ವರದಿಯ ಹೊಣೆ ಹೊತ್ತಿತು. ನಿಯಮ ಸರಳ: ಹೇಳಿದ್ದನ್ನೇ ಹೇಳಿದರೆ ತೆಗೀಬಹುದು, ಅರ್ಥ ತೆಗೆಯುವ ಹಾಗಿಲ್ಲ. ಮಂತ್ರಿಯಾಗಲಿ, ವಿರೋಧಿಯಾಗಲಿ, ಪಂಕ್ತಿಭೇದ ಇಲ್ಲ.

ನಮ್ಮಲ್ಲಿ? ಸಂಸತ್ತಿನ ಕಲಾಪವನ್ನು ದುರುದ್ದೇಶವಿಲ್ಲದೆ, ಇದ್ದ ಹಾಗೆ ವರದಿ ಮಾಡಿದವನಿಗೆ ರಕ್ಷಣೆ ಕೊಡುವ ಕಾಯಿದೆ 1956ರಲ್ಲಿ ಬಂತು. ಅದರ ಮಸೂದೆ ತಂದವರು ಫಿರೋಜ್ ಗಾಂಧಿ. ತುರ್ತು ಪರಿಸ್ಥಿತಿಯಲ್ಲಿ, ಅವರ ಹೆಂಡತಿ ಇಂದಿರಾ ಪ್ರಧಾನಿಯಾಗಿದ್ದಾಗಲೇ, ಅದು ರದ್ದಾಯಿತು. ಸದನದೊಳಗೆ ಆಡಿದ ವಿರೋಧದ ಮಾತಿಗೂ ಸೆನ್ಸಾರಿನ ಕತ್ತರಿ ಬಿತ್ತು. 1977ರಲ್ಲಿ ಕಾಯಿದೆ ಮರಳಿತು. 1978ರ 44ನೇ ತಿದ್ದುಪಡಿ ಆ ರಕ್ಷಣೆಯನ್ನು 361ಎ ವಿಧಿಯಾಗಿ ಸಂವಿಧಾನದೊಳಗೇ ಕೂರಿಸಿತು.

1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಕೊಟ್ಟ ಎಚ್ಚರಿಕೆ ಆ ಸಭೆಯ ವರದಿಯಲ್ಲಿದೆ. ಅವರನ್ನು ಒಪ್ಪದವರ ಮಾತೂ ಅಲ್ಲೇ ಇದೆ. ಆ ಕಾರಣಕ್ಕೇ ಅದನ್ನು ನಂಬಬಹುದು.

ಮೇಷ್ಟ್ರೇ, ಗೆಳೆಯರೇ, ಈಗ ಪೇಪರು ನಮ್ಮ ಕೈಯಲ್ಲೂ ಇದೆ. ಅಂಗಳಕ್ಕಿಳಿದು ಓದೋಣ. ನಮಗಾಗದವರ ಮಾತನ್ನೂ ನುಂಗದೆ ಓದೋಣ. ಜಗುಲಿಯವರು ಮಾಡಿದ್ದನ್ನೇ ನಾವೂ ಮಾಡಿದರೆ ತಾತ ಇನ್ನೂ ಅಲ್ಲೇ ನಿಂತಿರುತ್ತಾನೆ.