ಕೋಲಾದಲ್ಲಿ ಕೋಳಿ: ಒಲೆಯ ಮೇಲೆ ತಂಪು ಪಾನೀಯದ ಕೆಲಸವೇನು?

ತಂಪು ಪಾನೀಯವನ್ನು ಅಡುಗೆಗೆ ಬಳಸುವ ರೂಢಿ ಜಗತ್ತಿನ ಹಲವೆಡೆ ಇದೆ. ಚೀನಾದ ಮನೆಗಳಲ್ಲಿ ಕೋಳಿಯ ರೆಕ್ಕೆಗಳನ್ನು ಸೋಯಾ ಸಾಸ್ ಮತ್ತು ಶುಂಠಿಯೊಡನೆ ಕೋಲಾದಲ್ಲಿ ಬೇಯಿಸುವುದು ಸಾಮಾನ್ಯ. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಮಾಂಸಕ್ಕೆ ಬಳಿಯುವ ಸಿಹಿ-ಹುಳಿ ಸಾಸ್‌ಗಳಿಗೂ ಕೋಲಾ ಸೇರುತ್ತದೆ. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವ ಕಲಬುರಗಿಯಂಥ ನಗರದಲ್ಲಿ ಫ್ರಿಜ್‌ನೊಳಗೆ ಕೋಲಾ ಬಾಟಲಿ ಇರುವುದು ಅಪರೂಪವಲ್ಲ. ಅದೇ ಬಾಟಲಿಯನ್ನು ಕೋಳಿಯ ಪಾತ್ರೆಗೆ ಸುರಿದರೆ ಏನಾಗುತ್ತದೆ? ಅದರಿಂದ ರುಚಿಗೆ ಸಿಗುವುದೇನು, ದೇಹಕ್ಕೆ ಸೇರುವುದೇನು? ಮನೆಯಲ್ಲಿ ಪ್ರಯತ್ನಿಸುವ ಮುನ್ನ ತಿಳಿದಿರಬೇಕಾದ ಸಂಗತಿಗಳು ಇಲ್ಲಿವೆ.

ಬಾಟಲಿಯೊಳಗೆ ಇರುವುದೇನು?

ಕೋಲಾದ ಬಹುಪಾಲು ನೀರು. ಉಳಿದುದು ಸಕ್ಕರೆ, ಫಾಸ್ಫಾರಿಕ್ ಆಮ್ಲ, ಕ್ಯಾರಮೆಲ್ ಬಣ್ಣ, ಕೆಫೀನ್, ಸುವಾಸನೆಯ ದ್ರವ್ಯಗಳು ಹಾಗೂ ಇಂಗಾಲದ ಡೈಆಕ್ಸೈಡ್ ಅನಿಲ. ಸಾಮಾನ್ಯ ಕೋಲಾದ 100 ಮಿ.ಲೀ.ನಲ್ಲಿ ಸುಮಾರು 10ರಿಂದ 11 ಗ್ರಾಂ ಸಕ್ಕರೆಯೂ, ಸುಮಾರು 10 ಮಿ.ಗ್ರಾಂ ಕೆಫೀನೂ ಇರುತ್ತವೆ. ಅದರ ಪಿಎಚ್ ಮೌಲ್ಯ 2.5ರ ಆಸುಪಾಸು, ಅಂದರೆ ಹುಳಿಯಲ್ಲಿ ನಿಂಬೆರಸದ ಸಮೀಪಕ್ಕೆ ಬರುತ್ತದೆ. ಆ ಹುಳಿಯನ್ನು ಸಕ್ಕರೆ ಮರೆಮಾಡುವುದರಿಂದ ನಾಲಿಗೆಗೆ ಅದು ಅಷ್ಟಾಗಿ ತಿಳಿಯುವುದಿಲ್ಲ.

ಈ ರುಚಿಗೂ ಕರ್ನಾಟಕಕ್ಕೂ ಹಳೆಯ ನಂಟೊಂದಿದೆ. 1977ರಲ್ಲಿ ಕೋಕಾ-ಕೋಲಾ ಕಂಪನಿ ಭಾರತದಿಂದ ನಿರ್ಗಮಿಸಿತು. ಆಗ ಜನತಾ ಸರ್ಕಾರದಲ್ಲಿ ಕೈಗಾರಿಕಾ ಸಚಿವರಾಗಿದ್ದವರು ಮಂಗಳೂರಿನಲ್ಲಿ ಜನಿಸಿದ ಜಾರ್ಜ್ ಫರ್ನಾಂಡಿಸ್. ಸರ್ಕಾರಿ ಸ್ವಾಮ್ಯದ ಮಾಡರ್ನ್ ಫುಡ್ ಇಂಡಸ್ಟ್ರೀಸ್ ಬಳಿಕ ತಯಾರಿಸಿದ 'ಡಬಲ್ ಸೆವೆನ್' ಪಾನೀಯಕ್ಕೆ ಸೂತ್ರ ರೂಪಿಸಿಕೊಟ್ಟದ್ದು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ. ಪಾರ್ಲೆ ಸಂಸ್ಥೆಯ 'ಥಮ್ಸ್ ಅಪ್' ಬಂದದ್ದೂ ಆ ಕಾಲದಲ್ಲೇ. 1993ರಲ್ಲಿ ಕೋಕಾ-ಕೋಲಾ ಮರಳಿ ಬಂದು ಥಮ್ಸ್ ಅಪ್ ಬ್ರ್ಯಾಂಡನ್ನೂ ಖರೀದಿಸಿತು. ಬ್ರ್ಯಾಂಡ್ ಯಾವುದೇ ಇರಲಿ, ಅಡುಗೆಯ ದೃಷ್ಟಿಯಿಂದ ಕೋಲಾ ಎಂದರೆ ಸಿಹಿ ಮತ್ತು ಹುಳಿ ಬೆರೆತ ನೀರು.

ಪಾತ್ರೆಯೊಳಗೆ ನಡೆಯುವುದೇನು?

ಬಿಸಿಯಾದೊಡನೆ ಅನಿಲ ಹಾರಿಹೋಗುತ್ತದೆ. ಹೀಗಾಗಿ ಕೋಲಾದ ಗುಳ್ಳೆಗಳು ಮಾಂಸವನ್ನು ಮೃದುಗೊಳಿಸುತ್ತವೆ ಎಂಬ ಮಾತಿನಲ್ಲಿ ಹುರುಳಿಲ್ಲ. ಆಮ್ಲವು ಮಾಂಸದ ಹೊರಪದರದ ಮೇಲೆ ಅಲ್ಪಸ್ವಲ್ಪ ಪ್ರಭಾವ ಬೀರುತ್ತದೆ. ರಾತ್ರಿಯಿಡೀ ನೆನೆಸಿಟ್ಟರೆ ಹೊರಭಾಗ ಹಿಟ್ಟುಹಿಟ್ಟಾಗುವುದೇ ಹೊರತು ಒಳಭಾಗ ಹದವಾಗುವುದಿಲ್ಲ.

ನಿಜವಾದ ಕೆಲಸ ಸಕ್ಕರೆಯದು. ಹುಳಿಯಲ್ಲಿ ಕುದಿಯುವಾಗ ಸಕ್ಕರೆಯ ಒಂದು ಭಾಗ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತದೆ. ಇವು ಮಾಂಸದ ಪ್ರೋಟೀನಿನೊಡನೆ ವರ್ತಿಸಿ ಕಂದುಬಣ್ಣವನ್ನೂ ಹುರಿದ ಪರಿಮಳವನ್ನೂ ಕೊಡುತ್ತವೆ. ಪಾತ್ರೆಯಲ್ಲಿ ಧಾರಾಳ ನೀರಿರುವವರೆಗೆ ಶಾಖ 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುವುದರಿಂದ ಈ ಬದಲಾವಣೆ ಮಂದಗತಿಯಲ್ಲಿರುತ್ತದೆ. ನೀರು ಇಂಗಿ ರಸ ಪಾಕದಂತಾದ ಕೊನೆಯ ಕೆಲವು ನಿಮಿಷಗಳಲ್ಲೇ ಬಣ್ಣ, ಹೊಳಪು, ರುಚಿ ಕೂಡಿಬರುತ್ತವೆ. ಅಡುಗೆ ಸೀದು ಕಹಿಯಾಗುವುದೂ ಅದೇ ನಿಮಿಷಗಳಲ್ಲಿ.

ಬೇಕಾಗುವ ಸಾಮಗ್ರಿ

ಮೂಳೆಸಹಿತ ಬ್ರಾಯ್ಲರ್ ಕೋಳಿ 1 ಕೆ.ಜಿ., ಕೋಲಾ 300 ಮಿ.ಲೀ., ಹೆಚ್ಚಿದ ಈರುಳ್ಳಿ 2, ಶುಂಠಿ-ಬೆಳ್ಳುಳ್ಳಿ ಪೇಸ್ಟ್ 2 ಚಮಚ, ಒಣಮೆಣಸಿನ ಖಾರ 2 ಚಮಚ, ಅರಿಶಿನ ಅರ್ಧ ಚಮಚ, ಗರಂ ಮಸಾಲೆ 1 ಚಮಚ, ಎಣ್ಣೆ 3 ದೊಡ್ಡ ಚಮಚ, ನಿಂಬೆಹಣ್ಣು ಅರ್ಧ ಹೋಳು, ಉಪ್ಪು ಮತ್ತು ಕೊತ್ತಂಬರಿ ಸೊಪ್ಪು. ನಾಲ್ಕೈದು ಜನರಿಗೆ ಇದು ಸಾಕಾಗುತ್ತದೆ.

ಮಾಡುವ ವಿಧಾನ

ಅಗಲ ಬಾಯಿಯ, ದಪ್ಪ ತಳದ ಸ್ಟೀಲ್ ಪಾತ್ರೆಯಲ್ಲಿ ಎಣ್ಣೆ ಕಾಯಿಸಿ ಈರುಳ್ಳಿಯನ್ನು ಕೆಂಪಗೆ ಹುರಿಯಿರಿ. ಶುಂಠಿ-ಬೆಳ್ಳುಳ್ಳಿ, ಅರಿಶಿನ, ಖಾರ, ಉಪ್ಪು ಸೇರಿಸಿ ಹಸಿವಾಸನೆ ಹೋದ ಮೇಲೆ ಕೋಳಿಯ ತುಂಡುಗಳನ್ನು ಹಾಕಿ, ದೊಡ್ಡ ಉರಿಯಲ್ಲಿ ಎಂಟು ನಿಮಿಷ ಬಾಡಿಸಿ. ಉರಿ ತಗ್ಗಿಸಿ ಕೋಲಾವನ್ನು ಸ್ವಲ್ಪಸ್ವಲ್ಪವಾಗಿ ಸುರಿಯಿರಿ. ಒಮ್ಮೆಲೇ ಸುರಿದರೆ ನೊರೆ ಉಕ್ಕಿ ಮೈಮೇಲೆ ಸಿಡಿಯಬಹುದು. ಮುಚ್ಚಳ ಮುಚ್ಚಿ 20 ನಿಮಿಷ ಸಣ್ಣ ಉರಿಯಲ್ಲಿ ಬೇಯಿಸಿ. ಅನಂತರ ಮುಚ್ಚಳ ತೆಗೆದು, ಗರಂ ಮಸಾಲೆ ಉದುರಿಸಿ, ಎಂಟು-ಹತ್ತು ನಿಮಿಷ ಕೈಬಿಡದೆ ತಿರುವುತ್ತ ರಸವನ್ನು ಇಂಗಿಸಿ. ರಸವು ತುಂಡುಗಳಿಗೆ ಅಂಟಿಕೊಂಡು ಹೊಳೆಯತೊಡಗಿದಾಗ ಒಲೆ ಆರಿಸಿ, ನಿಂಬೆರಸ ಹಿಂಡಿ, ಕೊತ್ತಂಬರಿ ಹಾಕಿ. ಜೋಳದ ರೊಟ್ಟಿಯೊಡನೆ ತಿನ್ನುವುದಾದರೆ ಖಾರವನ್ನು ತುಸು ಹೆಚ್ಚಿಸುವುದು ಒಳ್ಳೆಯದು.

ಈ ಅಡುಗೆಗೆ ಪ್ರೆಶರ್ ಕುಕ್ಕರ್ ತಕ್ಕುದಲ್ಲ. ಮುಚ್ಚಿದ ಕುಕ್ಕರಿನಲ್ಲಿ ರಸ ಇಂಗುವುದಿಲ್ಲ, ಸಕ್ಕರೆ ತಳ ಹಿಡಿದು ಸೀಯುತ್ತದೆ, ನೊರೆ ಏರಿ ಆವಿಯ ದಾರಿಯನ್ನು ಕಟ್ಟುವ ಅಪಾಯವೂ ಇದೆ. ಹುಳಿಯ ಕಾರಣದಿಂದ ಅಲ್ಯೂಮಿನಿಯಂ ಪಾತ್ರೆಯಾಗಲಿ ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆಯ ಪಾತ್ರೆಯಾಗಲಿ ಬೇಡ.

ಜವಾರಿ ಕೋಳಿಯಾದರೆ ಕ್ರಮ ಬೇರೆ

ಮೇಲಿನ ಲೆಕ್ಕ ಕಲಬುರಗಿ ನಗರದ ಅಂಗಡಿಗಳಲ್ಲಿ ಸಿಗುವ ಎಳೆಯ ಬ್ರಾಯ್ಲರ್ ಕೋಳಿಗೆ ಹೊಂದುತ್ತದೆ. ಹುಮನಾಬಾದ್ ರಸ್ತೆಯ ಕಮಲಾಪುರದಿಂದಲೋ ಅದರ ಸುತ್ತಲಿನ ಹಳ್ಳಿಗಳಿಂದಲೋ ಹಿತ್ತಲಲ್ಲಿ ಬೆಳೆದ ಜವಾರಿ ಕೋಳಿಯನ್ನು ತಂದಿದ್ದರೆ ಅದೇ ಕ್ರಮ ಕೈಕೊಡುತ್ತದೆ. ಓಡಾಡಿ ಬೆಳೆದ, ವಯಸ್ಸಾದ ಕೋಳಿಯ ಮಾಂಸ ಗಟ್ಟಿ. ಅದು ಬೇಯಲು ಒಂದು ಗಂಟೆಯೂ ಹಿಡಿಯಬಹುದು. ಅಷ್ಟರಲ್ಲಿ ಕೋಲಾದ ಸಕ್ಕರೆ ಸೀದುಹೋಗುತ್ತದೆ. ಆದ್ದರಿಂದ ಜವಾರಿ ಕೋಳಿಯನ್ನು ಮೊದಲು ನೀರು, ಉಪ್ಪು, ಅರಿಶಿನದಲ್ಲಿ ಮೆತ್ತಗಾಗುವವರೆಗೆ ಬೇಯಿಸಿ, ಕೋಲಾವನ್ನು ಕೊನೆಯ 15 ನಿಮಿಷಗಳಲ್ಲಿ ಮಾತ್ರ ಸೇರಿಸಬೇಕು.

ಸಕ್ಕರೆಯ ಲೆಕ್ಕ

ಕೋಲಾ ಹಾಕಿದ ಕೋಳಿ ವಿಷವೆಂದು ಹೆದರಬೇಕಿಲ್ಲ. ಲೆಕ್ಕ ಮಾತ್ರ ತಪ್ಪಬಾರದು. 300 ಮಿ.ಲೀ. ಕೋಲಾದಲ್ಲಿ ಸುಮಾರು 32 ಗ್ರಾಂ ಸಕ್ಕರೆ ಇರುತ್ತದೆ. ನಾಲ್ವರು ಹಂಚಿಕೊಂಡರೆ ತಲಾ 8 ಗ್ರಾಂ. 750 ಮಿ.ಲೀ. ಬಾಟಲಿಯನ್ನು ಪೂರ್ತಿ ಸುರಿದರೆ ಅದು ತಲಾ 20 ಗ್ರಾಂ ಆಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2015ರ ಮಾರ್ಗಸೂಚಿಯ ಪ್ರಕಾರ, ಬೆರೆಸಿದ ಸಕ್ಕರೆ ದಿನದ ಶಕ್ತಿಯ ಶೇ. 10ನ್ನು ಮೀರಬಾರದು, ಶೇ. 5ಕ್ಕಿಂತ ಕಡಿಮೆಯಿದ್ದರೆ ಇನ್ನೂ ಉತ್ತಮ. 2000 ಕ್ಯಾಲೊರಿ ಸೇವಿಸುವವರಿಗೆ ಇದು ಕ್ರಮವಾಗಿ 50 ಮತ್ತು 25 ಗ್ರಾಂ. ತಟ್ಟೆಯಲ್ಲಿ 20 ಗ್ರಾಂ, ಪಕ್ಕದ ಲೋಟದಲ್ಲಿ ಇನ್ನೊಂದು 25 ಗ್ರಾಂ ಎಂದರೆ ಒಂದೇ ಊಟದಲ್ಲಿ ದಿನದ ಪಾಲು ಮುಗಿಯುವ ಹಂತಕ್ಕೆ ಬಂದಂತೆ.

ಮಧುಮೇಹಿಗಳಿಗೆ ಇಲ್ಲೊಂದು ತೊಡಕಿದೆ. ಕೋಳಿ ಸಾರು ಎಂದರೆ ಸಕ್ಕರೆಯಿಲ್ಲದ ಅಡುಗೆ ಎಂಬ ನಂಬಿಕೆಯಿಂದ ಅವರು ತಟ್ಟೆಗೆ ಧಾರಾಳವಾಗಿ ಬಡಿಸಿಕೊಳ್ಳುತ್ತಾರೆ. ಖಾರದ ಮರೆಯಲ್ಲಿರುವ ಸಿಹಿ ನಾಲಿಗೆಗೆ ತಿಳಿಯದು. ಆದ್ದರಿಂದ ಈ ಅಡುಗೆ ಮಾಡಿದವರು ಅತಿಥಿಗಳಿಗೂ ಮನೆಯ ಹಿರಿಯರಿಗೂ ಬಡಿಸುವ ಮುನ್ನವೇ ವಿಷಯ ತಿಳಿಸಬೇಕು. ಮೂತ್ರಪಿಂಡದ ಕಾಯಿಲೆಯಿಂದಾಗಿ ರಂಜಕದ ಅಂಶ ತಗ್ಗಿಸಬೇಕಾದವರು ಕೋಲಾದಿಂದ ದೂರವಿರುವುದೇ ಲೇಸು. ಕುದಿಸಿದರೆ ಕೆಫೀನ್ ನಾಶವಾಗುವುದಿಲ್ಲ ಎಂಬುದನ್ನು ಪುಟ್ಟ ಮಕ್ಕಳಿರುವ ಮನೆಯವರು ಗಮನಿಸಬೇಕು.

ಸಕ್ಕರೆರಹಿತ ಕೋಲಾ ಬಳಸಬಹುದೇ? ಅದರಲ್ಲಿ ಸಕ್ಕರೆಯೇ ಇಲ್ಲದ ಕಾರಣ ರಸ ಪಾಕವಾಗುವುದಿಲ್ಲ, ಹೊಳಪು ಬರುವುದಿಲ್ಲ. ಆಸ್ಪರ್ಟೇಮ್ ಇದ್ದರೆ ದೀರ್ಘಕಾಲದ ಕುದಿತಕ್ಕೆ ಅದರ ಸಿಹಿಯೂ ಕುಂದುತ್ತದೆ.

ಕ್ರಿಮಿಗಳನ್ನು ಕೊಲ್ಲುವುದು ಶಾಖ

ಹುಳಿಯಾದ ಕೋಲಾದಲ್ಲಿ ನೆನೆಸಿದರೆ ಹಸಿ ಕೋಳಿಯ ಕ್ರಿಮಿಗಳು ಸಾಯುತ್ತವೆ ಎಂದು ನಂಬಬಾರದು. ಮಾಂಸದ ಅತಿ ದಪ್ಪ ಭಾಗದ ಒಳಗೆ 74 ಡಿಗ್ರಿ ಸೆಲ್ಸಿಯಸ್ ಶಾಖ ತಲುಪಿದರೆ ಮಾತ್ರ ಅದು ಸುರಕ್ಷಿತ. ಕೋಲಾದ ಕಂದುಬಣ್ಣ ಬೇಗನೆ ಹತ್ತುವುದರಿಂದ ಬೆಂದಿದೆ ಎಂಬ ಭ್ರಮೆ ಹುಟ್ಟುವುದುಂಟು. ಆದ್ದರಿಂದ ಬಣ್ಣವನ್ನು ನಂಬದೆ, ತೊಡೆಯ ತುಂಡನ್ನು ಮೂಳೆಯವರೆಗೆ ಸೀಳಿ ನೋಡಬೇಕು. ನೆನೆಸುವುದಿದ್ದರೆ ಫ್ರಿಜ್‌ನಲ್ಲೇ ಇಡಬೇಕು. ವಾತಾವರಣದ ಉಷ್ಣಾಂಶ 32 ಡಿಗ್ರಿ ಮೀರಿದಾಗ ಹಸಿ ಮಾಂಸವನ್ನಾಗಲಿ ಬೇಯಿಸಿದ ಮಾಂಸವನ್ನಾಗಲಿ ಒಂದು ಗಂಟೆಗಿಂತ ಹೆಚ್ಚು ಹೊತ್ತು ಹೊರಗಿಡುವಂತಿಲ್ಲ. ಕಲಬುರಗಿಯ ಬೇಸಿಗೆಗೆ ಈ ಮಾತು ದಿನವೂ ಅನ್ವಯಿಸುತ್ತದೆ.

ಹುಣಸೆ, ಬೆಲ್ಲ, ಪುಂಡಿಪಲ್ಯ

ಕೋಲಾ ಕೊಡುವ ಸಿಹಿ-ಹುಳಿಗೆ ಬೇಕಾದುದೆಲ್ಲ ಕಲ್ಯಾಣ ಕರ್ನಾಟಕದ ಅಡುಗೆಮನೆಯಲ್ಲಿ ಮೊದಲಿನಿಂದಲೂ ಇದೆ. 300 ಮಿ.ಲೀ. ಕೋಲಾದ ಬದಲು ಅಷ್ಟೇ ನೀರಿನಲ್ಲಿ ಸಣ್ಣ ನಿಂಬೆಗಾತ್ರದ ಹುಣಸೆಹಣ್ಣು ಕಿವುಚಿ, 15 ಗ್ರಾಂ ಬೆಲ್ಲ ಕರಗಿಸಿ ಹಾಕಿದರೆ ಅದೇ ಬಗೆಯ ಹೊಳಪು ಮತ್ತು ರುಚಿ ಬರುತ್ತದೆ. ಸಿಹಿ ಅರ್ಧಕ್ಕಿಳಿಯುತ್ತದೆ, ಕೆಫೀನ್ ಇರುವುದಿಲ್ಲ. ಬೆಲ್ಲವೂ ಸಕ್ಕರೆಯೇ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆದರೆ ಬಾಟಲಿಯ ಸಕ್ಕರೆಯನ್ನು ಕಾರ್ಖಾನೆ ನಿರ್ಧರಿಸಿರುತ್ತದೆ. ಬೆಲ್ಲದ ಪ್ರಮಾಣ ಅಡುಗೆ ಮಾಡುವವರ ಕೈಯಲ್ಲಿರುತ್ತದೆ. ಸಿಹಿಯೇ ಬೇಡವೆನ್ನುವವರಿಗೆ ಪುಂಡಿಪಲ್ಯದ ಹುಳಿ ಇದ್ದೇ ಇದೆ.

ಬಾಟಲಿಯಲ್ಲಿ ಉಳಿದ ಕೋಲಾವನ್ನು ಊಟದೊಡನೆ ಕುಡಿದು ಮುಗಿಸುವ ಅಗತ್ಯವೂ ಇಲ್ಲ. ಕಮಲಾಪುರದ ಕೆಂಪು ಬಾಳೆಹಣ್ಣು ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಬೆಳೆ. ಇಡೀ ಹಣ್ಣಿನಲ್ಲಿ ಸಹಜವಾಗಿರುವ ಸಕ್ಕರೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಮೇಲೆ ಹೇಳಿದ ಮಿತಿಯಲ್ಲಿ ಎಣಿಸುವುದಿಲ್ಲ. ಮಧುಮೇಹ ಇರುವವರು ಹಣ್ಣನ್ನೂ ಮಿತವಾಗಿಯೇ ತಿನ್ನಬೇಕು. ಉಳಿದವರಿಗೆ ಖಾರದ ಊಟದ ಕೊನೆಗೆ ಒಂದು ಲೋಟ ಕೋಲಾಕ್ಕಿಂತ ಒಂದು ಕೆಂಪು ಬಾಳೆಹಣ್ಣು ಮೇಲು.